ಶನಿವಾರದ ಗಾಣಿಗನಿಗೆ ಹತ್ತು ಜನ

ನನ್ನ ಅಂಗಡಿ ಚಂದಾಪುರದಲ್ಲಿ, ಹೊಸೂರು ರಸ್ತೆಯಿಂದ ಆನೇಕಲ್ ಕಡೆ ತಿರುಗಿದ ಕೂಡಲೇ ಸಿಗುತ್ತದೆ. ಜೆರಾಕ್ಸ್, ಡಿಟಿಪಿ, ಫ್ಲೆಕ್ಸ್, ಬಾಡಿಗೆ ಕರಾರು, ಮದುವೆ ಕಾರ್ಡು ಎಲ್ಲ ಇಲ್ಲೇ ಆಗುತ್ತವೆ. ಪುಢಾರಿಗಳ ಹುಟ್ಟುಹಬ್ಬದ ಬ್ಯಾನರನ್ನೂ ನಾನೇ ಮಾಡುತ್ತೇನೆ, ಶ್ರದ್ಧಾಂಜಲಿಯ ಬ್ಯಾನರನ್ನೂ ನಾನೇ ಮಾಡುತ್ತೇನೆ. ಎಷ್ಟೋ ಸಲ ಫೋಟೋ ಕೂಡ ಅದೇ ಇರುತ್ತದೆ. ಉಮಾಶ್ರೀಗೆ ಬಾಯಿ ಜೋರು ಎಂದು ಬೀದಿಯವರು ನನ್ನ ಬಗ್ಗೆ ಹೇಳುತ್ತಾರೆ. ಇರಲಿ, ಅಂಗಡಿ ನಡೆಸುವವಳಿಗೆ ಅದೂ ಬೇಕು.

ಹೋದ ದೀಪಾವಳಿ ಮುಗಿದ ವಾರ ರೇವಣಸಿದ್ದ ಎಂಬ ಮನುಷ್ಯ ಸಿಮೆಂಟ್ ಚೀಲದಂಥ ಚೀಲದಲ್ಲಿ ಹಾಳೆ ತುಂಬಿಕೊಂಡು ಬಂದ. ನಲವತ್ತರ ಆಸುಪಾಸಿನವನು, ಕಪ್ಪಗೆ, ಎತ್ತರಕ್ಕೆ, ಸೊಂಟ ಹಿಡಿದುಕೊಂಡು ನಿಲ್ಲುವ ಆಳು.

"ಅಕ್ಕಾರ, ಕಾದಂಬರಿ ಬರ್ದೀನ್ರಿ. ಟೈಪ್ ಮಾಡಿ ಕೊಡ್ತೀರೇನ್ರಿ?"

"ಏನು ಕಾದಂಬರಿ?"

"ರಕ್ತ ಕುಡಿಯೋ ದೆವ್ವದ್ದು ರಿ. ಆದ್ರ ಆ ದೆವ್ವ ರಕ್ತ ಕುಡಿಯಂಗಿಲ್ಲ. ಯೆಹೂದಿ ದೆವ್ವ ರಿ ಅದು."

ನನಗೆ ನಗು ತಡೆಯಲಾಗಲಿಲ್ಲ. ನಮ್ಮೂರಲ್ಲಿ ದೆವ್ವಗಳಿಗೆ ಬರಗಾಲ ಬಂದಿತ್ತೇ, ಎಲ್ಲಿಂದಲೋ ಇದನ್ನು ಯಾಕೆ ಹಿಡಿದುಕೊಂಡು ಬಂದೆ ಎಂದು ಕೇಳಿದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತು, ಎಲ್ಲವನ್ನೂ ಮೊದಲಿನಿಂದ ಹೇಳಿದ.

ಅವನು ಕುಷ್ಟಗಿ ಕಡೆಯವನು. ಬೊಮ್ಮಸಂದ್ರದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದವನು ಭಾರ ಎತ್ತಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ. ಆಮೇಲೆ ಮನೆಗಳಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಕೆಲಸ ಹಿಡಿದ. ಹಾಗೆ ಸಿಕ್ಕಿದವರು ಸ್ಯಾಮ್ಸನ್ ಪೇಣಕರ್. ಕೊಂಕಣದಲ್ಲಿ ಹುಟ್ಟಿದ ಯೆಹೂದ್ಯರು. ಚಿಕ್ಕ ವಯಸ್ಸಿನಲ್ಲೇ ಪೀಣ್ಯಕ್ಕೆ ಬಂದು, ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ಫೋರ್‌ಮನ್ ಆಗಿ ದುಡಿದು, ಮಕ್ಕಳಿಲ್ಲದೆ, ಹೆಂಡತಿ ಹೋದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಫ್ಲ್ಯಾಟಿನಲ್ಲಿ ಒಂಟಿಯಾಗಿ ಉಳಿದಿದ್ದರು. ನನಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರಂತೆ.

ಮೊದಲ ಶನಿವಾರ ಮುದುಕ ಫ್ಯಾನಿನ ಸ್ವಿಚ್ ಕೂಡ ಮುಟ್ಟಲಿಲ್ಲ. ಇವನು ಯಾಕೆ ಎಂದು ಕೇಳಿದ.

"ನಾವು ಶನಿವಾರದ ಗಾಣಿಗರು ಕಣಯ್ಯಾ," ಎಂದರಂತೆ ಅವರು. "ಕೊಂಕಣದಲ್ಲಿ ನಮ್ಮವರು ಎಣ್ಣೆ ತೆಗೀತಿದ್ರು. ಶನಿವಾರ ನಮಗೆ ದೇವರ ದಿನ, ಯಾವ ಕೆಲಸಾನೂ ಮಾಡೋ ಹಾಗಿಲ್ಲ, ಅವತ್ತು ಮಾತ್ರ ಗಾಣ ಕಟ್ತಿರ್ಲಿಲ್ಲ. ಅದಕ್ಕೇ ಊರವರು ಹಾಗೆ ಕರೀತಿದ್ರು."

ರೇವಣಸಿದ್ದ ಕೂತಲ್ಲಿಂದ ಎದ್ದುಬಿಟ್ಟನಂತೆ. ಅವನೂ ಗಾಣಿಗರವನೇ. ಅವರ ಕಡೆ ಸೋಮವಾರ ಬಸವಣ್ಣನ ದಿನ, ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಗಾಣ ತಿರುಗುವುದಿಲ್ಲ. "ಸಾಹೇಬ್ರ, ಹಂಗಾದ್ರ ನಾವು ಸೋಮವಾರದ ಗಾಣಿಗರ್ರಿ!" ಎಂದ. ಅವತ್ತಿನಿಂದ ಇಬ್ಬರೂ ನೆಂಟರಾದರು. ನಾನು ಬಾಡಿಗೆ ಕರಾರು ಟೈಪ್ ಮಾಡುವವಳು, ಒಂದೇ ಜಾತಿಯವರು ಒಂದೇ ಗೋಡೆ ಹಂಚಿಕೊಂಡು ಜಗಳ ಆಡುವುದನ್ನು ದಿನಾ ನೋಡುತ್ತೇನೆ. ಇವರಿಬ್ಬರು ವಾರದ ಎರಡು ದಿನ ಹಿಡಿದುಕೊಂಡು ಸಂಬಂಧ ಕಟ್ಟಿಕೊಂಡಿದ್ದರು.

ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ಮುದುಕ ತಮ್ಮ ಅಜ್ಜಿಯ ಕಥೆಗಳನ್ನು ಹೇಳುತ್ತಿದ್ದರು. ಇವನು ಬರೆದುಕೊಳ್ಳುತ್ತಿದ್ದ. ಆಮೇಲೆ ತನ್ನದೂ ಸೇರಿಸತೊಡಗಿದ. ಹಾಗೆ ಬೆಳೆದ ಕಾದಂಬರಿಯ ನಾಯಕ ಬಿನ್ಯಾಮೀನ, ಕಡಲ ತೀರದ ಹಳ್ಳಿಯೊಂದರ ಗಾಣಿಗ. ಹಡಗಿನಲ್ಲಿ ಬಂದ ಯಾವುದೋ ಭೂತ ಕಚ್ಚಿ ಅವನೂ ರಕ್ತಪಿಶಾಚಿಯಾಗುತ್ತಾನೆ. ಆದರೆ ಅವರ ಧರ್ಮದಲ್ಲಿ ರಕ್ತ ಬಾಯಿಗಿಡುವ ಹಾಗಿಲ್ಲ. ಮೊಟ್ಟೆಯಲ್ಲಿ ಒಂದು ಕೆಂಪು ಚುಕ್ಕೆ ಕಂಡರೂ ಎಸೆಯುತ್ತಾರೆ, ಮಾಂಸವನ್ನು ಉಪ್ಪು ಹಚ್ಚಿ ರಕ್ತವೆಲ್ಲ ಇಳಿಸಿಯೇ ಬೇಯಿಸುತ್ತಾರೆ. ಹಾಗಾಗಿ ಬಿನ್ಯಾಮೀನ ಹಸಿದೇ ಇರುತ್ತಾನೆ. ಪಿಶಾಚಿಯ ರೂಪ ಕನ್ನಡಿಯಲ್ಲಿ ಕಾಣುವುದಿಲ್ಲ, ಗುಟ್ಟು ರಟ್ಟಾಗುತ್ತದೆಂದು ಯಾರ ಮನೆಗೂ ಹೋಗಲಾರ. ಒಂದು ಕಡೆ ಮಾತ್ರ ಹೋಗಬಲ್ಲ. ಸಾವಾದ ಮನೆಗೆ. ಅಲ್ಲಿ ಏಳು ದಿನ ಕನ್ನಡಿಗಳಿಗೆ ಬಟ್ಟೆ ಮುಚ್ಚಿರುತ್ತಾರೆ. ಅಲ್ಲಿ ಅವನ ಅಗತ್ಯವೂ ಇದೆ. ಸತ್ತವರ ಹೆಸರಿನಲ್ಲಿ ಹೇಳುವ ಪ್ರಾರ್ಥನೆಗೆ ತಮ್ಮವರೇ ಹತ್ತು ಗಂಡಸರು ಬೇಕು. ಊರು ಖಾಲಿಯಾಗಿ ಒಂಬತ್ತು ಜನ ಉಳಿದಿದ್ದಾರೆ. ಹತ್ತನೆಯವನು ಈ ಹಸಿದ ದೆವ್ವ.

ನಾನು ನಗುವುದನ್ನು ಅಷ್ಟೊತ್ತಿಗೆ ನಿಲ್ಲಿಸಿದ್ದೆ.

ಮುದುಕರಿಗೆ ಕೊನೆಕೊನೆಗೆ ಅದೇ ಚಿಂತೆ ಹತ್ತಿತ್ತಂತೆ. ಬೆಂಗಳೂರಿನಲ್ಲಿ ತಮ್ಮವರ ಮನೆಗಳು ಬೆರಳೆಣಿಕೆಯಷ್ಟು, ಅದರಲ್ಲೂ ನಡೆದಾಡುವ ಗಂಡಸರು ಇನ್ನೂ ಕಡಿಮೆ. "ನಾನು ಹೋದಾಗ ಹತ್ತು ಜನ ಎಲ್ಲಿಂದ ತರೋಣ ರೇವಣ್ಣ? ಹಾಗೇ ಹೋಗ್ತೀನಿ ಬಿಡು," ಎಂದರಂತೆ. ಇವನು ಅವರ ಕೈ ಹಿಡಿದು, "ನಾ ಕೂಡಸ್ತೀನ್ರಿ ಸಾಹೇಬ್ರ. ಹತ್ತ ಮಂದಿ ನಾ ಕೂಡಸ್ತೀನಿ," ಎಂದು ಮಾತು ಕೊಟ್ಟ. ಮುದುಕ ನಕ್ಕು ಹುಚ್ಚಪ್ಪ ಎಂದು ಬೈದರಂತೆ. ನಾಗರ ಪಂಚಮಿಯ ದಿನ ಇವನ ಹೆಂಡತಿ ಕಟ್ಟಿಕೊಟ್ಟ ಶೇಂಗಾ ಉಂಡಿಯನ್ನು ಪುಡಿ ಮಾಡಿಸಿಕೊಂಡು ತಿಂದರು. ಮಾರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು.

ಮಣ್ಣಿಗೆ ಅವರ ಪೈಕಿಯವರು ಬಂದದ್ದು ಮೂರೇ ಜನ, ಮೂವರೂ ಮುದುಕರು. ಪ್ರಾರ್ಥನೆ ಆಗಲಿಲ್ಲ.

"ವರ್ಷದ ದಿನಕ್ಕರ ಆಗಬೇಕ್ರಿ ಅಕ್ಕಾರ," ಎಂದ ರೇವಣಸಿದ್ದ. "ಅದಕ್ಕ ಈ ಪುಸ್ತಕ. ಐಟಿ ಕಂಪನಿಗೆ ಎಲ್ಲಾ ದೇಶದವ್ರು ಬರ್ತಾರ. ಸುಮ್ನ ಗೇಟಿನ್ಯಾಗ ನಿಂತು ನೀವು ಯೆಹೂದ್ಯರೇನ್ರಿ ಅಂತ ಕೇಳಿದ್ರ ಪೊಲೀಸರಿಗೆ ಕೊಡ್ತಾರ. ಕೈಯಾಗ ಪುಸ್ತಕ ಇದ್ರ ಮಾತಾಡಸಾಕ ಬರ್ತೈತಿ."

ಕನ್ನಡ ಪುಸ್ತಕ ಹಿಡಿದು ಪರದೇಶದ ಯೆಹೂದ್ಯರನ್ನು ಹುಡುಕುವ ಉಪಾಯ ಈ ಭೂಮಿಯ ಮೇಲೆ ಇವನೊಬ್ಬನಿಗೇ ಹೊಳೆದಿರಬೇಕು. ಅದನ್ನೂ ಹೇಳಿದೆ. ಆದರೂ ಹಾಳೆಗಳನ್ನು ತೆಗೆದುಕೊಂಡೆ. ಯಾಕೆ ತೆಗೆದುಕೊಂಡೆ ಎಂದರೆ ಆ ಹತ್ತು ಜನ ಸೇರಬೇಕು ಎಂದು ನನಗೂ ಅನ್ನಿಸಿಬಿಟ್ಟಿತ್ತು.

ಪ್ರಕಾಶಕರು ಯಾರೂ ಒಪ್ಪಲಿಲ್ಲ. ಒಬ್ಬರು, ಯೆಹೂದಿಯನ್ನು ತೆಗೆದು ಮೋಹಿನಿಯನ್ನು ಹಾಕಿದರೆ ನೋಡೋಣ ಎಂದರಂತೆ. ಕೊನೆಗೆ ತಾನೇ ಅಚ್ಚು ಹಾಕಿಸಿದ. 'ಶನಿವಾರದ ಗಾಣಿಗ' ಎಂದು ಹೆಸರು. ಕೊನೆಯ ಪುಟದಲ್ಲಿ ಒಂದು ಬಿನ್ನಹ: ಸ್ಯಾಮ್ಸನ್ ಸಾಹೇಬರ ವರ್ಷದ ದಿನ, ಪಂಚಮಿಯ ಮರುದಿನ, ಅವರ ಸಮಾಧಿಯ ಹತ್ತಿರ ಯೆಹೂದಿ ಗಂಡಸರು ದಯಮಾಡಿ ಬರಬೇಕು. ಕೆಳಗೆ ನಾನು ಇಂಗ್ಲಿಷಿನಲ್ಲಿ ಎರಡು ಸಾಲು, ತಾರೀಕು, ಆಗಸ್ಟ್ ಹದಿನೆಂಟು, ಮತ್ತು ನನ್ನ ಅಂಗಡಿಯ ಫೋನ್ ನಂಬರ್ ಸೇರಿಸಿದೆ.

ಆಮೇಲೆ ಶುರುವಾಯಿತು ನೋಡಿ ಅವನ ಪ್ರಚಾರ. ಕೆಲಸವಿಲ್ಲದ ದಿನವೆಲ್ಲ ಸ್ಕೂಟರಿನ ಮುಂದೆ ಪುಸ್ತಕದ ಕಟ್ಟು, ಹಿಂದೆ ಮಡಿಸುವ ಮೇಜು. ವೈಟ್‌ಫೀಲ್ಡ್, ಮಹದೇವಪುರ, ಎಲೆಕ್ಟ್ರಾನಿಕ್ ಸಿಟಿ, ಯಾವ ಟೆಕ್ ಪಾರ್ಕಿನ ಗೇಟನ್ನೂ ಬಿಡಲಿಲ್ಲ. ನಾನು ಮಾಡಿಕೊಟ್ಟ ಕಪ್ಪು ಬ್ಯಾನರಿನ ಮೇಲೆ ದೊಡ್ಡದೊಂದು ರಕ್ತದ ಹನಿ ಇತ್ತು. ಒಂದು ಕಡೆ ಸೆಕ್ಯೂರಿಟಿಯವರು ಅವನನ್ನು ನೇರ ಒಳಗೆ ಲಾಬಿಗೇ ಬಿಟ್ಟರು. ಇವನು ಪುಸ್ತಕ ಜೋಡಿಸಿ ಮುಗಿಸುವಷ್ಟರಲ್ಲಿ ಹುಡುಗಿಯೊಬ್ಬಳು ತೋಳು ಮಡಚಿಕೊಂಡು ಬಂದು, "ಅಣ್ಣ, ಬೆಳಿಗ್ಗೆ ತಿಂಡಿ ತಿಂದಿದ್ದೀನಿ, ಬ್ಲಡ್ ಕೊಡಬಹುದಾ?" ಎಂದಳಂತೆ. ಅವಳ ಹಿಂದೆ ಸಾಲೇ ನಿಂತಿತ್ತು. ರಕ್ತದಾನ ಶಿಬಿರವಲ್ಲ ಎಂದು ಗೊತ್ತಾದ ಮೇಲೆ ಅವನನ್ನು ಮೇಜಿನ ಸಮೇತ ಹೊರಗೆ ಕಳಿಸಿದರು. ಆ ಹುಡುಗಿ ಮಾತ್ರ ಪಾಪ ಅನ್ನಿಸಿ ಒಂದು ಪುಸ್ತಕ ಕೊಂಡಳು.

ಓದಿದವರು ಸುಮ್ಮನಿರುತ್ತಿರಲಿಲ್ಲ. ನನ್ನ ಅಂಗಡಿ ಮುಂದೆ ಹೂ ಮಾರುವ ಈಶ್ವರಮ್ಮನಿಗೆ ಓದು ಬರುವುದಿಲ್ಲ. ಮಗಳ ಕೈಲಿ ಓದಿಸಿ ಕೇಳಿದಳು. "ಅಯ್ಯೋ, ಆ ದೆವ್ವಕ್ಕೆ ಯಾರಾದ್ರೂ ಒಂದು ತುತ್ತು ಅನ್ನ ಹಾಕ್ಬಾರದಾ ಅಕ್ಕಾ?" ಎಂದು ಕಣ್ಣು ಒರೆಸಿಕೊಂಡಳು. ಪೀಣ್ಯದಲ್ಲಿ ಸ್ಯಾಮ್ಸನ್ ಅವರ ಕೈಕೆಳಗೆ ಕೆಲಸ ಕಲಿತಿದ್ದ ಹಳೆಯ ಫಿಟ್ಟರುಗಳು ಒಬ್ಬರಿಗೊಬ್ಬರು ಹೇಳಿ ಪುಸ್ತಕ ತರಿಸಿಕೊಂಡರು. ಪುಸ್ತಕವೇನೋ ಹೋಗುತ್ತಿತ್ತು. ಯೆಹೂದ್ಯರು ಮಾತ್ರ ಒಬ್ಬರೂ ಸಿಗಲಿಲ್ಲ. ಪ್ರತಿ ಸಂಜೆ ರೇವಣಸಿದ್ದ ಸೊಂಟ ಹಿಡಿದುಕೊಂಡು ಬಂದು, "ಇವತ್ತೂ ಇಲ್ರಿ," ಎಂದು ಹೇಳಿ ಹೋಗುತ್ತಿದ್ದ. ಆ ಮಾತು ಕೇಳುವುದಕ್ಕೆ ನನಗೆ ಕಷ್ಟವಾಗುತ್ತಿತ್ತು.

ಜುಲೈ ಮಧ್ಯದಲ್ಲಿ ಅಂಗಡಿಗೆ ಒಂದು ಫೋನ್ ಬಂತು. ಮಲ್ಲಿಕ್ ಅಂತ, ಮಹದೇವಪುರದ ಕಂಪನಿಯೊಂದರ ಎಂಜಿನಿಯರ್. ಗೇಟಿನಲ್ಲಿ ಪುಸ್ತಕ ಕೊಂಡು ಓದಿದ್ದ.

"ಮೇಡಂ, ನಮ್ಮಲ್ಲಿಗೆ ಮಷೀನ್ ಕೂರಿಸೋಕೆ ಫಾರಿನ್ ಟೀಮ್ ಬಂದಿದೆ. ಎಂಟು ಜನಾನೂ ಯೆಹೂದ್ಯರು, ಎಲ್ಲಾ ಗಂಡಸರೇ. ಊಟದ ಟೈಮಲ್ಲಿ ಈ ಕಥೆ ಹೇಳ್ದೆ. ಒಬ್ರು ಅತ್ತೇಬಿಟ್ರು ಮೇಡಂ. ಎಲ್ರೂ ಬರ್ತೀವಿ ಅಂತಿದ್ದಾರೆ."

ನಾನು ಅಂಗಡಿಯಿಂದಲೇ ಕೂಗಿದೆ. ಹೊರಗೆ ಸ್ಕೂಟರಿಗೆ ಪುಸ್ತಕ ಕಟ್ಟುತ್ತಿದ್ದ ರೇವಣಸಿದ್ದ ಓಡಿ ಬಂದ. ಎಂಟು ಜನ ಇವರು, ಮೂವರು ಊರಿನ ಮುದುಕರು, ಹನ್ನೊಂದಾಯಿತು. ಫೋನನ್ನು ಸ್ಪೀಕರಿಗೆ ಹಾಕಿದೆ.

"ಒಂದೇ ತೊಂದ್ರೆ ಅಣ್ಣ," ಎಂದ ಮಲ್ಲಿಕ್. "ಅವರು ಸೋಮವಾರ ವಾಪಸ್ ಹೋಗ್ತಾರೆ. ಶನಿವಾರ ಅವರು ಸ್ಮಶಾನಕ್ಕೆ ಬರೋ ಹಾಗಿಲ್ಲ. ಈ ಭಾನುವಾರ ಬೆಳಿಗ್ಗೆ ಫ್ರೀ ಇದ್ದಾರೆ. ಅವತ್ತೇ ಮಾಡಿಸಿಬಿಡೋಣ."

ರೇವಣಸಿದ್ದನ ಮುಖ ಇಳಿದುಹೋಯಿತು. "ಭಾನುವಾರ ಸಾಹೇಬ್ರ ದಿನ ಅಲ್ಲಲ್ರಿ," ಎಂದ.

"ರೀ, ಎಂಟು ಜನ ತಾವಾಗೇ ಬರ್ತೀವಿ ಅಂತಿದ್ದಾರೆ, ಒಪ್ಕೊಳ್ರೀ," ಎಂದೆ ನಾನು.

"ಅಕ್ಕಾರ, ನಿಮ್ಮಪ್ಪನ ವರ್ಷದ ತಿಥಿ ಮಂದಿ ಸಿಕ್ಕ್ರು ಅಂತ ಯಾವತ್ತರ ಮಾಡ್ತೀರೇನ್ರಿ? ಅವ್ರೂ ನಮ್ಮಂಗ ಚಂದ್ರನ ನೋಡಿ ತಿಂಗಳ ಎಣಸೋ ಮಂದಿ. ಸಾಹೇಬ್ರ ಹೇಳಿದ್ರು, ವರ್ಷದ ದಿನ ತಪ್ಪಬಾರ್ದು ಅಂತ. ಪಂಚಮಿ ಮರುದಿನ ಅಂದ್ರ ಪಂಚಮಿ ಮರುದಿನಾನ. ಹತ್ತ ಮಂದಿ ತಂದು ದಿನ ತಪ್ಪಿಸಿದ್ರ ನಾ ಕೊಟ್ಟ ಮಾತು ಮಾತೇನ್ರಿ ಅದು?"

ನನ್ನಪ್ಪನ ತಿಥಿಯನ್ನು ನಾನೂ ಪಂಚಾಂಗ ನೋಡಿಯೇ ಮಾಡುವವಳು. ಈ ವರ್ಷ ಜ್ಯೇಷ್ಠ ಎರಡು ಬಂದಿತ್ತು, ಅಧಿಕ ಮಾಸ. ಹಾಗಾಗಿ ಪಂಚಮಿ ಆಗಸ್ಟ್ ಮಧ್ಯಕ್ಕೆ ಹೋಗಿತ್ತು. ಇನ್ನೂ ಒಂದು ತಿಂಗಳಿದೆಯಲ್ಲ, ಎಂಟು ಜನ ಸಿಕ್ಕ ಮೇಲೆ ಇನ್ನೆಂಟು ಜನ ಸಿಗದೆ ಇರುತ್ತಾರೆಯೇ ಎಂದು ಇಬ್ಬರೂ ಸಮಾಧಾನ ಹೇಳಿಕೊಂಡೆವು. ಮಲ್ಲಿಕ್ ಮತ್ತೆರಡು ಸಲ ಫೋನ್ ಮಾಡಿ ಕೇಳಿದ. ರೇವಣಸಿದ್ದ ಎರಡು ಸಲವೂ ಕೈಮುಗಿದು, ಫೋನಿಗೇ ಕೈಮುಗಿದು, ಆಗುವುದಿಲ್ಲ ಎಂದ. ಆ ಭಾನುವಾರ ಬೆಳಿಗ್ಗೆ ಅವನು ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನ ಮುಂದೆ ಪುಸ್ತಕ ಹಿಡಿದು ನಿಂತಿದ್ದ. ಸೋಮವಾರ ಆ ಎಂಟು ಜನ ವಿಮಾನ ಹತ್ತಿದರು.

ಆಮೇಲಿನ ತಿಂಗಳು ಅವನು ಮನುಷ್ಯನ ಹಾಗೆ ಇರಲಿಲ್ಲ. ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಮಳೆಯಲ್ಲೂ ಹೋಗುತ್ತಿದ್ದ. ಬಿಳಿ ಮುಖ ಕಂಡಲ್ಲೆಲ್ಲ ನಿಲ್ಲಿಸುತ್ತಿದ್ದ. ಜರ್ಮನಿಯವರು ಸಿಕ್ಕರು, ಪೋಲೆಂಡಿನವರು ಸಿಕ್ಕರು, ಒಬ್ಬ ಬ್ರೆಜಿಲಿನವನು ದೆವ್ವದ ಚಿತ್ರ ಚೆನ್ನಾಗಿದೆ ಎಂದು ಪುಸ್ತಕದ ಜೊತೆ ಸೆಲ್ಫಿ ತೆಗೆದುಕೊಂಡ. ಯೆಹೂದ್ಯರು ಯಾರೂ ಇಲ್ಲ. ಊರಿನ ಮೂವರು ಮುದುಕರಲ್ಲಿ ನಡೆದಾಡುವಷ್ಟು ಗಟ್ಟಿ ಇದ್ದ ಅಬ್ರಹಾಂ ಅವರ ಮನೆಗೆ ಹೋಗಿ ಪುಸ್ತಕ ಕೊಟ್ಟು, ಹದಿನೆಂಟಕ್ಕೆ ಸ್ಯಾಮ್ಸನ್ ಅವರ ಸಮಾಧಿಯ ಹತ್ತಿರ ತಪ್ಪದೆ ಬರಬೇಕೆಂದು ಹೇಳಿ ಬಂದ. ಅವರಿಗೆ ಕಿವಿ ಮಂದ, ಕನ್ನಡ ಓದಲು ಬಾರದು. ಆಗಲಿ ಆಗಲಿ ಎಂದರಂತೆ.

ಪಂಚಮಿಯ ಮರುದಿನ, ಮಂಗಳವಾರ, ನಾನು ಅಂಗಡಿಗೆ ಬಾಗಿಲು ಹಾಕಿದೆ. ಈಶ್ವರಮ್ಮನೂ ಬಂದಳು. ಊರಿನ ಇನ್ನೊಂದು ತುದಿಯ ಆ ಸ್ಮಶಾನ ತಲುಪಿ ನೋಡಿದರೆ ಗೇಟಿನ ಮುಂದೆ ಜನ! ಮಾದನಾಯಕನಹಳ್ಳಿಯಿಂದ ಟೆಂಪೋ ಮಾಡಿಕೊಂಡು ಬಂದ ಪೀಣ್ಯದ ಹಳೆಯ ಫಿಟ್ಟರುಗಳು, ಟೆಕ್ ಪಾರ್ಕಿನ ಸೆಕ್ಯೂರಿಟಿಯವರು, ಬೊಮ್ಮಸಂದ್ರದ ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲಿ ಬಂದ ಕುಷ್ಟಗಿ, ಲಿಂಗಸಗೂರಿನ ಹುಡುಗರು, ರಕ್ತ ಕೊಡಲು ಬಂದಿದ್ದ ಆ ಹುಡುಗಿ. ಎಲ್ಲರೂ ಪುಸ್ತಕ ಓದಿದವರು. ಪುಸ್ತಕದಲ್ಲಿ ಇದ್ದ ಹಾಗೆ ಗಂಡಸರು ತಲೆಗೆ ಕರ್ಚೀಫು, ಟವೆಲು ಕಟ್ಟಿಕೊಂಡಿದ್ದರು. ಎಲ್ಲರ ಕೈಯಲ್ಲೂ ಸಮಾಧಿಯ ಮೇಲಿಡಲು ಒಂದೊಂದು ಸಣ್ಣ ಕಲ್ಲು ಇತ್ತು. ಬೇಕಾದದ್ದು ಹತ್ತು ಜನ, ಬಂದವರು ಎಷ್ಟೋ, ಎಣಿಕೆಗೆ ಬರುವವರು ಒಬ್ಬರೂ ಇಲ್ಲ.

ಸ್ವಲ್ಪ ಹೊತ್ತಿಗೆ ಆಟೋದಲ್ಲಿ ಅಬ್ರಹಾಂ ಬಂದರು. ಒಬ್ಬರೇ. ಉಳಿದ ಇಬ್ಬರಿಗೆ ಹುಷಾರಿಲ್ಲ. ಇಷ್ಟು ಜನರನ್ನು ನೋಡಿ ಅವರಿಗೆ ಆಶ್ಚರ್ಯ. "ಪುಸ್ತಕದ ಫಂಕ್ಷನ್ ಇಲ್ಲೇ ಇಟ್ಕೊಂಡ್ರಾ? ಸ್ಯಾಮ್ಸನ್‌ಗೆ ಖುಷಿ ಆಗ್ತಿತ್ತು," ಎಂದರು.

ರೇವಣಸಿದ್ದ ಅವರ ಕಿವಿಯ ಹತ್ತಿರ ಬಗ್ಗಿದ. "ಫಂಕ್ಷನ್ ಅಲ್ರಿ. ಇವತ್ತ ಸಾಹೇಬ್ರ ವರ್ಷದ ದಿನ. ಪ್ರಾರ್ಥನಾಕ್ಕ ಕರದಿದ್ನಿರಿ. ನಿಮ್ಮ ಮಂದಿ ಸಿಗಲಿಲ್ರಿ. ನನ್ನ, ಇವ್ರನ್ನ ಎಣಸಾಕ ಬರಂಗಿಲ್ಲೇನ್ರಿ?"

ಅಬ್ರಹಾಂ ಅವನ ಭುಜದ ಮೇಲೆ ಕೈಯಿಟ್ಟು ಇಲ್ಲವೆಂದು ತಲೆಯಾಡಿಸಿದರು. ಅದು ಅವನಿಗೂ ಗೊತ್ತಿತ್ತು. ಇಡೀ ಕಾದಂಬರಿ ನಿಂತಿರುವುದೇ ಆ ಕಟ್ಟಳೆಯ ಮೇಲೆ. ಹಸಿವಿನಿಂದ ಸಾಯಲೂ ಆಗದ ದೆವ್ವವನ್ನು ಎಣಿಸಿದರು, ಯಾಕೆಂದರೆ ಅವನು ಅವರಲ್ಲಿ ಹುಟ್ಟಿದವನು.

"ಮತ್ತೆ ವರ್ಷದ ದಿನ ಇವತ್ತಲ್ಲಪ್ಪ," ಎಂದರು ಅಬ್ರಹಾಂ. "ಅದು ಹೋದ ತಿಂಗಳೇ ಆಗೋಯ್ತು."

"ಪಂಚಮಿ ಮರುದಿನ ರಿ," ಎಂದ ಅವನು. "ಚಂದ್ರನ ಲೆಕ್ಕ..."

"ಚಂದ್ರ ಒಬ್ಬನೇ. ನಿಮ್ಮ ಹಾಗೆ ನಾವೂ ಕೆಲವು ವರ್ಷ ಒಂದು ತಿಂಗಳು ಜಾಸ್ತಿ ಸೇರಿಸ್ತೀವಿ. ಆದ್ರೆ ನೀವು ಸೇರಿಸಿದ ವರ್ಷವೇ ಅಲ್ಲ. ನಿಮಗೆ ಈ ಸಲ ಬಂತು, ನಮಗೆ ಬರೋ ವರ್ಷ."

"ಹಂಗಾದ್ರ ದಿನ ಯಾವತ್ತಿತ್ರಿ?"

ಮುದುಕರು ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. "ಜುಲೈ ಹತ್ತೊಂಬತ್ತು. ಭಾನುವಾರ. ಬೆಳಿಗ್ಗೆ ನಾನು ಬಂದಿದ್ದೆ. ಒಬ್ಬನೇ ಇದ್ದೆ. ಕಲ್ಲಿಟ್ಟು ಹೋದೆ."

ರೇವಣಸಿದ್ದ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಾರದೆ ಹೋದೆ. ಎಂಟು ಜನ ತಾವಾಗಿಯೇ ಬರುತ್ತೇವೆ ಎಂದ ಭಾನುವಾರ ಅದು. ಬೆಳಿಗ್ಗೆ ಬರುತ್ತೇವೆ ಎಂದಿದ್ದರು. ಅಬ್ರಹಾಂ ಇಲ್ಲಿ ಒಂಟಿಯಾಗಿ ನಿಂತಿದ್ದ ಹೊತ್ತಿಗೇ ಬಂದಿರುತ್ತಿದ್ದರು. ಉಳಿದ ಇಬ್ಬರು ಮುದುಕರನ್ನು ಆಟೋದಲ್ಲಿ ಕೂರಿಸಿಕೊಂಡು ನಾನೇ ತರುತ್ತಿದ್ದೆ.

ಅಬ್ರಹಾಂಗೆ ಇದೇನೂ ಗೊತ್ತಿರಲಿಲ್ಲ. ಸಮಾಧಾನ ಮಾಡುವವರ ಹಾಗೆ ಹೇಳಿದರು, "ದಿನದ ಬಗ್ಗೆ ಅಷ್ಟು ಬೇಜಾರ್ ಮಾಡ್ಕೋಬೇಡ. ಹತ್ತು ಜನ ಸೇರಿದ್ರೆ ಯಾವತ್ತು ಬೇಕಾದ್ರೂ ಹೇಳಬಹುದಿತ್ತು. ನಮಗೆ ಕಷ್ಟ ಆಗಿರೋದು ದಿನ ಅಲ್ಲ, ಜನ."

ರೇವಣಸಿದ್ದ ಸೊಂಟ ಹಿಡಿದುಕೊಂಡು ನಿಧಾನವಾಗಿ ಸಮಾಧಿಯ ಪಕ್ಕ ನೆಲದ ಮೇಲೆ ಕುಳಿತ. ಅಬ್ರಹಾಂ ಸಣ್ಣ ಪುಸ್ತಕ ತೆಗೆದು, ಒಬ್ಬರೇ ಇದ್ದಾಗ ಹೇಳಬಹುದಾದ ಒಂದು ಸ್ತೋತ್ರವನ್ನು ನಡುಗುವ ದನಿಯಲ್ಲಿ ಓದಿದರು. ಯಾರಿಗೂ ಅರ್ಥವಾಗದಿದ್ದರೂ ಎಲ್ಲರೂ ಕೈಕಟ್ಟಿ ನಿಂತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಬಂದು ಕಲ್ಲಿಟ್ಟರು. ಪೀಣ್ಯದ ಫಿಟ್ಟರೊಬ್ಬರು, "ಹೋಗ್ಬರ್ತೀವಿ ಸಾರ್," ಎಂದು ಸಮಾಧಿಗೆ ನಮಸ್ಕಾರ ಮಾಡಿದರು. ಈಶ್ವರಮ್ಮ ತಾನು ತಂದಿದ್ದ ಹೂವನ್ನು ಇಡಬಹುದೋ ಇಲ್ಲವೋ ಗೊತ್ತಾಗದೆ ಸೆರಗಿನಲ್ಲೇ ಇಟ್ಟುಕೊಂಡಳು.

ಜನ ಗೇಟಿನ ಕಡೆ ಹೊರಟರು. ನಾನು ಅವನನ್ನು ಎಬ್ಬಿಸಲೆಂದು ಹಿಂದಕ್ಕೆ ಹೋದೆ. ಅವನು ಚೀಲದಿಂದ ಶೇಂಗಾ ಉಂಡಿಯೊಂದನ್ನು ತೆಗೆದು, ಮುದುಕರಿಗೆ ಹಲ್ಲಿರಲಿಲ್ಲವಲ್ಲ, ಅಂಗೈಯಲ್ಲೇ ಪುಡಿ ಮಾಡುತ್ತಿದ್ದ. ನಾನು ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಕಲ್ಲುಗಳ ಕಡೆ ಬಗ್ಗಿ ಮೆಲ್ಲಗೆ ಮಾತಾಡುತ್ತಿದ್ದ.

"ಸಾಹೇಬ್ರ, ಮಂದಿ ಸಿಕ್ಕಿದ್ರು ರಿ," ಎನ್ನುತ್ತಿದ್ದ. "ಬರ್ತೀವಂತ ಮೂರು ಸಲ ಕೇಳಿದ್ರು. ನಾನೇ ಬ್ಯಾಡಂದ್ನಿರಿ."